ಕೆಂಚನ ಮೊದಲ ಪಾಠ

ಮಾವನಿಗೆ ಹೆದರುವವನು ನಾಯಿ ಸಾಕಬಾರದು. ಸಾಕಲೇಬೇಕೆಂದರೆ ಅಷ್ಟಾಗಿ ಪ್ರೀತಿ ತೋರಿಸದ ನಾಯಿಯನ್ನು ಸಾಕಬೇಕು. ನಮ್ಮ ಕೆಂಚನದು ಮಿತಿಯಿಲ್ಲದ ಪ್ರೀತಿ. ಬಂದವರ ಎದೆಗೇ ಹಾರುತ್ತಿದ್ದ. ದಂಡಿನಶಿವರದಿಂದ ನನ್ನ ಮಾವ ಬಂದಾಗಲೂ ಹಾರಿ, ಅವರನ್ನು ಬಿಳಿ ಪಂಚೆ ಸಮೇತ ಬಚ್ಚಲು ನೀರಿನ ಬಾಳೆ ಪಾತಿಗೆ ಕೆಡವಿದ. ಎದ್ದವರೇ, "ಯುಗಾದಿಗೆ ಬತ್ತೀನಿ. ಅಷ್ಟರಲ್ಲಿ ಈ ನಾಯಿ ಇಲ್ಲಿರಕೂಡದು ಕಣಪ್ಪ," ಎಂದರು. ನಾನು "ಆಗಲಿ" ಎಂದುಬಿಟ್ಟೆ. ಅವರು ಹೋದ ಮೇಲೆ ನನ್ನ ಹೆಂಡತಿ ಸರೋಜ, "ಅದನ್ನ ಅಟ್ಟೋದಾದ್ರೆ ನನ್ನೂ ಜೊತೇಲೇ ಅಟ್ಬುಡಿ," ಎಂದಳು. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

ನಾನು ಬಿಳಿಗೆರೆಯ ಶಾಲೆಯಲ್ಲಿ ಮೇಷ್ಟ್ರು. ಕಲಿಸುವುದೆಂದರೆ ಬೆತ್ತ ಎಂದಷ್ಟೇ ತಿಳಿದಿದ್ದವನು. ನಾಯಿಗೆ ಬುದ್ಧಿ ಕಲಿಸುವುದು ಹೇಗೆಂದು ಕೇಳಿದ್ದಕ್ಕೆ ತಿಪಟೂರಿನ ದನದಾಸ್ಪತ್ರೆಯ ಡಾಕ್ಟರು, "ಹೊಡೀಬೇಡಿ ಮೇಷ್ಟ್ರೇ. ಹೇಳಿದ ಮಾತು ಕೇಳಿದ ತಕ್ಷಣ ಬಾಯಿಗೆ ತಿಂಡಿ ಹಾಕಿ. ತಡ ಮಾಡಿದ್ರೆ ಯಾತಕ್ಕೆ ಕೊಟ್ರಿ ಅಂತ ಅದಕ್ಕೆ ತಿಳಿಯಲ್ಲ," ಎಂದರು. ನಮ್ಮ ತೆಂಗಿನ ಸೀಮೆಯಲ್ಲಿ ತಿಂಡಿಗೇನು ಬರ? ಕೊಬ್ಬರಿ ಚೂರನ್ನು ಕೆಂಚನ ಮೂಗಿನ ಮೇಲೆ ಹಿಡಿದರೆ ತಲೆ ಮೇಲಕ್ಕೆ ಹೋಗುತ್ತಿತ್ತು, ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. ಆಗ "ಕೂತ್ಕೋ" ಎಂದು ಚೂರನ್ನು ಬಾಯಿಗೆ ಹಾಕುತ್ತಿದ್ದೆ. ನನ್ನ ಒಂದೇ ಟೆರ್ಲಿನ್ ಷರಟಿನ ಜೇಬು ಎಣ್ಣೆ ಕುಡಿದು ಹಾಳಾಯಿತು. ತರಗತಿಯಲ್ಲಿ ಮಗ್ಗಿ ಒಪ್ಪಿಸಿದ ಹುಡುಗನ ಮುಂದೆ ನನ್ನ ಕೈ ಜೇಬಿಗೆ ಹೋದದ್ದೂ ಉಂಟು.

ಯುಗಾದಿಯ ಬೆಳಿಗ್ಗೆ ಮಾವ ಅಂಗಳಕ್ಕೆ ಕಾಲಿಟ್ಟರು. ಕೆಂಚ ಬಾಣದಂತೆ ಹೊರಟ. ಇದ್ದ ದನಿಯಲ್ಲೆಲ್ಲ "ಕೂತ್ಕೋ" ಎಂದು ಕೂಗಿದೆ. ಕೆಂಚ ಕೂತ. ಮಾವನೂ ಜಗಲಿಯ ಮೇಲೆ ಕೂತರು. ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾರಿಗಪ್ಪ ಹೇಳಿದ್ದು?" ಎಂದರು ಮಾವ.

"ನಾಯಿಗೆ, ಮಾವ."

"ಕೇಳ್ತಲ್ಲ," ಎಂದು ಅವರು ಕೆಂಚನನ್ನೇ ನೋಡಿದರು. ನನ್ನಿಂದ ಒಂದು ಚೂರು ಇಸಿದುಕೊಂಡು ತಾವೂ ಹೇಳಿ ನೋಡಿದರು. ಕೆಂಚ ಅವರ ಮಾತಿಗೂ ಕೂತ. ಹೋಳಿಗೆ ಊಟ ಮುಗಿಯುವಷ್ಟರಲ್ಲಿ ಮಾವನ ಮನಸ್ಸು ಪೂರ್ತಿ ತಿರುಗಿತ್ತು. "ಇಷ್ಟು ಹೇಳ್ದಂಗೆ ಕೇಳೋ ನಾಯಿ ನಮ್ ತೋಟಕ್ಕೆ ಬೇಕು ಕಣಪ್ಪ. ಕರ್ಕೊಂಡೋಯ್ತೀನಿ," ಎಂದರು.

ಕೆಂಚನನ್ನು ಉಳಿಸಿಕೊಳ್ಳಲೆಂದು ಪಟ್ಟ ಪಾಡೆಲ್ಲ ಅವನನ್ನು ಕಳಿಸುವುದಕ್ಕೇ ಆಯಿತು. ಸರೋಜಳ ಮುಖ ನೋಡುವ ಧೈರ್ಯವಾಗಲಿಲ್ಲ. ಬಾಯಿ ಮಾತ್ರ ಮತ್ತೆ "ಆಗಲಿ" ಎಂದಿತು.

ಮಾವ ಹಗ್ಗ ಕಟ್ಟಿ, "ಬಾರ್ಲಾ ಕೆಂಚ," ಎಂದರು. ಕೆಂಚ ಕೂತ. ಎಳೆದರು. ಇನ್ನೂ ಗಟ್ಟಿಯಾಗಿ ಕೂತು ಬಾಯಿ ತೆರೆದ. ಅವನಿಗೆ ಗೊತ್ತಿದ್ದದ್ದು ಅದೊಂದೇ ಪಾಠ. ಅಷ್ಟರಲ್ಲಿ ರಸ್ತೆಯಲ್ಲಿ ಮಾವ ಹಿಡಿಯಬೇಕಿದ್ದ ತುರುವೇಕೆರೆ ಬಸ್ಸಿನ ಹಾರ್ನ್ ಕೇಳಿಸಿತು. "ಕರುದ್ರೆ ಬರೋದನ್ನ ಕಲ್ಸಿಡಪ್ಪ, ಮುಂದಿನ್ ಸಲ ನೋಡಾನ," ಎಂದು ಹಗ್ಗವನ್ನು ನನ್ನ ಕೈಗಿಟ್ಟು ಮಾವ ಓಡಿದರು.

ಸರೋಜ ಆ ಸಂಜೆಯೇ ಕೊಬ್ಬರಿ ಡಬ್ಬಿಯನ್ನು ನನ್ನ ಕೈಗೆ ಎಟುಕದಂತೆ ಎತ್ತಿಟ್ಟಳು. ನಾನು ದೇವರ ಗೂಡಿನ ಮುಂದೆ ನಿಂತು ಕೈ ಮುಗಿದೆ. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ, ನನ್ನ ಶಿಷ್ಯ ಮುಂದಿನ ಪಾಠ ಕಲಿಯದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.