ಅವ್ವನ ನೀರಿಗೆ ಐದು ಮಿನಿಟು

ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನು ಮನೆಯಲ್ಲೇ ಬಿಟ್ಟು ಹೋಗೋಣ ಎಂದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೆಂಡತಿ ಕಸ್ತೂರಿ ನಿಮಗೆ ಹೇಗೂ ಹೇಳುತ್ತಾಳೆ. ಗೋಕಾಕದ ನಮ್ಮ ಓಣಿಯಲ್ಲಿ ಅವಳು ಹೇಳದೆ ಬಿಟ್ಟದ್ದು ಎರಡೇ ಮನೆಗೆ. ಅವಕ್ಕೆ ಬೀಗ ಹಾಕಿತ್ತು.

ನನ್ನದು ಪಾತ್ರೆ ಅಂಗಡಿ. ಸ್ಟೀಲಿನ ಡಬ್ಬಿ, ಕುಕ್ಕರು ಮಾರಿ ಮಾರಿ ಬೇಸತ್ತವನ ಕಣ್ಣಿಗೆ ಬಿದ್ದದ್ದು ಚಿಮಣಿ ಕಿಟ್ಲಿ. ಬಯಲಿನಲ್ಲಿ ಟೆಂಟು ಹೊಡೆದು ಇರುವ ಶೋಕಿಯವರು ನೀರು ಕಾಯಿಸುವ ಸಾಧನ ಅದು. ನಡುವೆ ಹೊಗೆ ಹೋಗುವ ಕೊಳವೆ, ಕೊಳವೆಯ ಸುತ್ತ ನೀರು, ಕೆಳಗೊಂದು ಬಟ್ಟಲಲ್ಲಿ ಬೆಂಕಿ. ಮೇಲಿನ ಬಾಯಿಗೆ ಒಣಕಡ್ಡಿ ಉಣಿಸುತ್ತಿದ್ದರೆ ಐದೇ ಮಿನಿಟಿನಲ್ಲಿ ನೀರು ಕುದಿಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. (ಬರೆದದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.)

ಕಸ್ತೂರಿ ಅದನ್ನು ತಿರುವಿ ನೋಡಿದಳು. "ಇದ ನಮ್ಮ ಬಚ್ಚಲದಾಗ ನೀರ ಕಾಯಿಸೂ ತಾಮ್ರದ ಬಂಬ ಅಲ್ಲೇನ್ರಿ? ಮರಿ ಹಾಕೇತೇನ?"

"ಬಂಬ ಅಲ್ಲ. ಇದು ಕ್ಯಾಂಪಿಂಗ್ ಸಾಮಾನ."

"ಮನ್ಯಾಗ ಹಾಸಗಿ ಇದ್ದವರು ಹೊಲದಾಗ ಮಲಗೂದಕ್ಕ ಇಷ್ಟ ದೊಡ್ಡ ಹೆಸರೇನ?"

ನಮ್ಮ ಅವ್ವ ಲಕ್ಷ್ಮೀಬಾಯಿಗೆ ಎಪ್ಪತ್ತೆಂಟು. ಜೈನರ ವ್ರತ ಹಿಡಿದು ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಒಂದೇ ಸಲ ಕೂತು ಊಟ; ನೀರೂ ಆ ಕೂತಲ್ಲೇ. ಎದ್ದ ಮೇಲೆ ಮರುದಿನದವರೆಗೆ ಹನಿಯೂ ಇಲ್ಲ. ನೀರು ಬಟ್ಟೆಯಲ್ಲಿ ಸೋಸಿ ಕುದಿಸಿದ್ದೇ ಆಗಬೇಕು, ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಇಂಥ ಅವ್ವ ಧುಪದಾಳದ ಹಿನ್ನೀರಿನ ದಂಡೆಗೆ ಕೂತು ಈ ಕಿಟ್ಲಿಯ ನೀರು ಕುಡಿದಳೆಂದರೆ, ಹುಕ್ಕೇರಿಯಿಂದ ಮೂಡಲಗಿಯವರೆಗಿನ ಜೈನರ ಮನೆಗಳಿಗೆ ಬೇರೆ ಪ್ರಚಾರ ಬೇಕೆ? ಯಾತ್ರೆಗೆ ಹೊರಟವರೆಲ್ಲ ನನ್ನ ಅಂಗಡಿಯಿಂದ ಒಂದೊಂದು ಒಯ್ಯುತ್ತಾರೆ. ಇದು ನನ್ನ ಮಹಾಯೋಜನೆ.

"ನೀ ಕರದಿ, ಬರ್ತೇನಪಾ," ಎಂದಳು ಅವ್ವ. "ನೀರ ಹೊತ್ತಿನೊಳಗ ಸಿಕ್ಕರ ಸಾಕು."

ನಾವು ಮೂವರೂ ಮಧ್ಯಾಹ್ನಕ್ಕೆ ಧುಪದಾಳ ಮುಟ್ಟಬೇಕಾದವರು. ದಾರಿಯಲ್ಲದ ದಾರಿ ಹಿಡಿದು ನಾಗನೂರಿಗೆ ಹೋಗಿ, ಅಲ್ಲಿನ ಕಿರಾಣಿ ಅಂಗಡಿಯ ಅಲ್ಲಪ್ಪನಿಗೆ ಕಿಟ್ಲಿಯ ಗುಣಗಾನ ಮಾಡುತ್ತ ಕೂತವನೂ ನಾನೇ. ವ್ಯಾಪಾರದ ಮಾತು ಹತ್ತಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಧುಪದಾಳ ಮುಟ್ಟಿದಾಗ ಐದು ಹೊಡೆದಿತ್ತು. ಚಳಿಗಾಲದ ಸೂರ್ಯ ಅಂಗಡಿ ಬೇಗ ಮುಚ್ಚುತ್ತಾನೆ. ಅವ್ವ ನೀರು ಕುಡಿದು ಇಪ್ಪತ್ತೊಂಬತ್ತು ತಾಸಾಗಿತ್ತು.

"ಊರಾಗ ಯಾರರ ಮನ್ಯಾಗ ಗ್ಯಾಸಿನ ಮ್ಯಾಲ ಕುದಿಸ್ಕೊಂಡ ಬರೂಣ ನಡೀರಿ," ಎಂದಳು ಕಸ್ತೂರಿ.

"ಐದು ಮಿನಿಟ," ಎಂದೆ.

ಹೊಳೆಯ ನೀರು ಸೋಸಿ ಕಿಟ್ಲಿಗೆ ತುಂಬಿದೆ. ಜಾಲಿಯ ಗಿಡದ ಕೆಳಗಿಂದ ಒಂದು ಮಡಿಲು ಕಡ್ಡಿ ತಂದು ಸುರಿದು ಬೆಂಕಿಪೆಟ್ಟಿಗೆ ತೆಗೆದೆ.

"ತಡಿ ನೇಮೂ," ಎಂದಳು ಅವ್ವ. "ಕಡ್ಡಿ ನೋಡಿದೇನ?"

"ಒಣಗ್ಯಾವ ಅವ್ವಾ."

"ಒಣಗಿದ್ದು ಕೇಳಲಿಲ್ಲ. ಅದರಾಗ ಜೀವ ಅದಾವ."

ಇದ್ದವು. ಇರುವೆ, ಗೆದ್ದಲು, ಹೆಸರು ಗೊತ್ತಿಲ್ಲದ ಒಂದು ಬಿಳಿ ಹುಳ. ಗ್ಯಾಸಿನ ಒಲೆಯಲ್ಲಿ ಇರುವೆ ಹುಟ್ಟುವುದಿಲ್ಲವಾದ್ದರಿಂದ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದೇ ಇರಲಿಲ್ಲ. ಅವ್ವ ಒಂದೊಂದು ಕಡ್ಡಿಯನ್ನೂ ಕಣ್ಣಿಗೆ ಹಿಡಿದು, ಕಲ್ಲಿಗೆ ಮೆಲ್ಲಗೆ ಬಡಿದು, ಊದಿ, ಇನ್ನೊಮ್ಮೆ ನೋಡಿ ನನ್ನ ಕೈಗೆ ಕೊಡತೊಡಗಿದಳು. ಅವಳು ಮೂರು ಕಡ್ಡಿ ಶೋಧಿಸುವಷ್ಟರಲ್ಲಿ ಕಿಟ್ಲಿ ಮೂವತ್ತು ಬೇಡುತ್ತಿತ್ತು. ಬೆಂಕಿ ಆರಿತು. ಹಚ್ಚಿದೆ. ಮತ್ತೆ ಆರಿತು. ಹೊಗೆ ಮಾತ್ರ ಪುಷ್ಕಳ.

"ಎಷ್ಟೊತ್ತರಿ?" ಕಸ್ತೂರಿ ಕೇಳಿದಳು. ಅವಳೂ ಕಡ್ಡಿ ಬಡಿಯಲು ಕೂತಿದ್ದಳು.

"ಐದು ಮಿನಿಟ."

"ಆಗಿಂದ ನಾಲ್ಕ ಸಲ ಐದಾತು. ನಿಮ್ಮ ಗಿರಾಕಿಗೂ ಹಿಂಗ ಹೇಳ್ತೀರೇನು?"

ಅವ್ವನ ತುಟಿ ಒಡೆದಿದ್ದವು, ಒಮ್ಮೆ ನಾಲಿಗೆ ಆಡಿಸಿದಳು, ಅದೂ ಒಣಗಿತ್ತು. ಊದುವುದು ಬಿಟ್ಟು ಕಡ್ಡಿಯನ್ನು ಬರೀ ಬಡಿಯತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ವ್ಯಾಪಾರಿ ಕೇಳುವುದಿಲ್ಲ.

ಸೂರ್ಯ ಆಚೆ ದಂಡೆಯ ಗಿಡಗಳಿಗೆ ಎರಡು ಬೆರಳು ಮೇಲಿದ್ದಾಗ ಕಿಟ್ಲಿಯ ಮೂತಿ ಬುಸುಗುಟ್ಟಿತು. ನೀರು ಕೊತಕೊತ ಕುದಿಯಿತು. ಹಿತ್ತಾಳೆಯ ತಂಬಿಗೆಗೆ ಬಗ್ಗಿಸಿ, ಪಟ್ಟಾಭಿಷೇಕದ ಗತ್ತಿನಲ್ಲಿ ಅವ್ವನ ಮುಂದಿಟ್ಟೆ. ಅವಳು ಸೆರಗು ಸುತ್ತಿ ಎತ್ತಿ, ತುಟಿಗೆ ತಾಗಿಸಿ, ಕೆಳಗಿಟ್ಟಳು.

"ಸುಡತೈತೋ."

ನಾನೂ ಕಸ್ತೂರಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯಲ್ಲಿ ಕಸ್ತೂರಿ ನಸುಕಿನಲ್ಲೇ ಕುದಿಸಿಡುತ್ತಾಳೆ. ಮಧ್ಯಾಹ್ನಕ್ಕೆ ಅದು ಆರಿರುತ್ತದೆ. ನೀರು ಆರುವುದಕ್ಕೂ ಹೊತ್ತು ಬೇಕೆಂದು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ.

"ಎರಡು ಗುಟುಕು ತಣ್ಣೀರ ಹಾಕಲೇನ?" ಎಂದೆ, ಹತಾಶನಾಗಿ.

"ಕುದಿಸಲಾರದ ಹಸಿ ನೀರ ಬಿದ್ದರ ಎಲ್ಲಾ ಹಸೀನ," ಎಂದಳು ಅವ್ವ.

ಕಸ್ತೂರಿ ಸೆರಗಿನಿಂದ ಗಾಳಿ ಬೀಸಿದಳು. ಆಗ ನನ್ನ ಚುರುಕುಬುದ್ಧಿ ಕೆಲಸ ಮಾಡಿತು. ತಂಬಿಗೆ ಎತ್ತಿಕೊಂಡು ಓಡಿ, ಮೊಣಕಾಲವರೆಗೆ ಹೊಳೆಗಿಳಿದು, ಕಂಠದವರೆಗೆ ಅದನ್ನು ನೀರಲ್ಲಿ ಅದ್ದಿ ಹಿಡಿದೆ. ಹಿತ್ತಾಳೆ ಕೈಯಲ್ಲೇ ತಣ್ಣಗಾಗತೊಡಗಿತು. ಇನ್ನರ್ಧ ಮಿನಿಟು ಸಾಕಿತ್ತು. ಸಂತೋಷಕ್ಕೆ ದಂಡೆಯತ್ತ ತಿರುಗಿದೆ; ಆ ತಿರುಗಿದ ರಭಸಕ್ಕೆ ಎದ್ದ ಸಣ್ಣ ಅಲೆ ತಂಬಿಗೆಯ ಬಾಯೊಳಗೆ ಹೋಯಿತು.

ಒಂದು ಗುಟುಕು ಹೋಗಿರಬಹುದು. ಯಾರಿಗೂ ಕಾಣಿಸಿರಲಾರದು ಎಂದುಕೊಂಡೆ. ದಂಡೆಯ ಮೇಲೆ ಅವ್ವ ನೋಡುತ್ತಲೇ ಇದ್ದಳು. ಕಿಟ್ಲಿಯಲ್ಲಿ ಉಳಿದ ನೀರು ಇನ್ನೂ ಹಬೆಯಾಡುತ್ತಿತ್ತು. ಸೂರ್ಯ ಗಿಡಗಳ ಹಿಂದೆ ಹೋದ.

ಅವ್ವ ಕೈಮುಗಿದಳು. "ಆತ ಬಿಡು. ಇನ್ನ ನಾಳೆ. ನೀವಿಬ್ಬರೂ ಉಣ್ಣರಿ."

ಕಸ್ತೂರಿ ಬುತ್ತಿ ಬಿಚ್ಚಿ ನನ್ನ ಮುಂದೆ ರೊಟ್ಟಿ ಇಟ್ಟಳು. ಹೊಗೆ ಕುಡಿದು ನನಗೂ ನೀರಡಿಕೆಯಾಗಿತ್ತು. ಆದರೆ ಆ ಒಡೆದ ತುಟಿಯ ಎದುರು ಕೂತು ಹೇಗೆ ನುಂಗುವುದು?

"ನನಗೂ ಬ್ಯಾಡ. ಹೊತ್ತು ಮುಳುಗಿದ ಮ್ಯಾಲ ನಾನೂ ಏನೂ ತಗೊಳ್ಳೂದಿಲ್ಲ ಅವ್ವಾ."

ಇವತ್ತಿನ ಮಟ್ಟಿಗೆ ಎಂದು ನನ್ನ ಅರ್ಥ. ಅವ್ವನ ಮುಖ ಅರಳಿತು. ಆ ದಿನ ಮೊದಲ ಸಲ.

"ನಿನ್ನ ಬಾಯಿಂದ ಈ ಮಾತ ಬರ್ತೈತೋ ಇಲ್ಲೋ ಅಂತಿದ್ದೆ," ಎಂದಳು, ಒಣಗಿದ ದನಿಯಲ್ಲಿ. "ನಾ ಇರೂತನಕ ನಡಸ್ತೀಯಲ್ಲಾ?"

ಮೂವತ್ತು ವರ್ಷ ಗಿರಾಕಿಗಳೊಡನೆ ಚೌಕಾಶಿ ಮಾಡಿದ ಬಾಯಿ ಇದು. ಆ ಹೊತ್ತಿಗೆ ಅದರಿಂದ ಹೊರಟದ್ದು, "ಹೂಂ."

ಕಸ್ತೂರಿ ಆಚೆ ತಿರುಗಿ ಕೂತಳು. ಅವಳ ಹೆಗಲುಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದುಕೊಂಡೆ.

ಅವ್ವ ಗಟ್ಟಿಯಾಗಿದ್ದಾಳೆ. ಮರುದಿನ ಹೊತ್ತೇರಿದ ಮೇಲೆ ಕೂತು ಎರಡು ತಂಬಿಗೆ ಕುಡಿದು, ಮಗ ವ್ರತ ಹಿಡಿದ ಸುದ್ದಿಯನ್ನು ಇಡೀ ಓಣಿಗೆ ಮುಟ್ಟಿಸಿದಳು. ಅಂಗಡಿಗೆ ಗಿರಾಕಿ ಬರುವುದೇ ಸಂಜೆ. ನನ್ನ ಊಟ ಐದೂವರೆಗೆ, ಕುಕ್ಕರುಗಳ ಮರೆಯಲ್ಲಿ. ಏಳಕ್ಕೆ ಎದುರಿನ ಚಹಾದವನು ಹಳೆಯ ರೂಢಿಯಂತೆ ಒಂದು ಕಪ್ಪು ಚಹಾ ತಂದು ಗಲ್ಲಾಪೆಟ್ಟಿಗೆಯ ಮೇಲಿಡುತ್ತಾನೆ. ಬೇಡ ಎನ್ನಲು ಮನಸ್ಸಾಗುವುದಿಲ್ಲ. ನೋಡುತ್ತ ಕೂರುತ್ತೇನೆ. ಬಹಳ ಬೇಗ ಆರುತ್ತದೆ.