ಯಾವ ವರ್ಗ, ಸಾಹೇಬ್ರೆ?

ಬಾಯಿ ಮುಚ್ಚಿಕೊಂಡಿರುವವನನ್ನು ಕಂಡರೆ ಜನಕ್ಕೆ ಅದೆಂಥ ಅನುಮಾನವೋ, ನನ್ನ ನೌಕರಿ ಉದ್ದಕ್ಕೂ ಇಂಥವು ನಡೆಯುತ್ತಲೇ ಇದ್ದವು. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಾನು ಸಹಕಾರ ಸಂಘಗಳ ಆಡಿಟರ್. ಲೆಕ್ಕ ನೋಡಿ ಸಂಘಕ್ಕೆ ಎ, ಬಿ, ಸಿ, ಡಿ ಅಂತ ವರ್ಗ ಹಾಕಬೇಕು. ಎ ಅಂದರೆ ಗಟ್ಟಿ, ಡಿ ಅಂದರೆ ಮುಳುಗುವುದೊಂದು ಬಾಕಿ. ಮೇಲಿನ ಕಚೇರಿ ಒಪ್ಪುವ ತನಕ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಅಲ್ಲಿ ದುಡ್ಡಿಟ್ಟ ಸದಸ್ಯರು ಸುಮ್ಮನಿರುತ್ತಾರೆಯೇ?

ಹೆಣ್ಣು ಕೊಡುವವರು

ಚನ್ನಗಿರಿ ಕಡೆಯ ಒಂದು ಸಂಘ. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನನಗಾಗಿ ಕಾದಿದ್ದರು. ಅವರ ಮಗಳನ್ನು ಸಂಘದ ಸೆಕ್ರೆಟರಿಯ ಮಗನಿಗೆ ಕೊಡುವ ಮಾತು ನಡೆದಿತ್ತಂತೆ. ಸಂಘ ಯಾವ ವರ್ಗ ಅಂತ ತಿಳಿದರೆ ಮುಂದುವರಿಯುತ್ತೇವೆ ಅಂದರು. ಅದು ಗುಟ್ಟಮ್ಮ, ನೀವು ಹುಡುಗನನ್ನು ನೋಡಿ ಎಂದೆ. ಅವರು ಒಳಗೆ ಕೂತಿದ್ದ ಸೆಕ್ರೆಟರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಅಪ್ಪನ ವಿಷಯ ಕೇಳಿದ್ರೆ ಮಗನ್ನ ತೋರಿಸ್ತೀರಿ. ತಿಳೀತು ಬಿಡ್ರಿ."

ಸಂಬಂಧ ಅಂದೇ ಮುರಿಯಿತು. ಮರುದಿನ ಸೆಕ್ರೆಟರಿ ನಗುತ್ತ ಬಂದರು. ಹುಡುಗನಿಗೆ ಮನಸ್ಸಿರಲಿಲ್ಲ, ನೀವೇ ಬಿಡಿಸಿದಿರಿ, ಅವರಿಗೆ ಏನು ಹೇಳಿದಿರಿ ಅಂತ ಕೇಳಿದರು. ಏನೂ ಹೇಳಲಿಲ್ಲ ಎಂದೆ. ಅವರ ನಗು ಅಲ್ಲೇ ನಿಂತಿತು.

"ಏನೂ ಹೇಳದೇನೇ ಮುರೀತಾ? ಸಾರ್, ನಮ್ಮದು ಯಾವ ವರ್ಗ?"

ನ್ಯಾಮತಿಯಲ್ಲಿ ಒಂದು ಚಹಾ

ನ್ಯಾಮತಿಯಲ್ಲಿ ಚಹಾ ಕುಡಿಯುವಾಗ ನನ್ನ ಟ್ರಾನ್ಸ್‌ಫರ್ ಸುದ್ದಿ ಬಂತು. ವರ್ಗ ಆಯ್ತು ಕಣ್ರೀ, ಎಂದೆ ಹೋಟೆಲಿನವರಿಗೆ. ಅವರೂ ಅಲ್ಲಿನ ಸಂಘದ ಸದಸ್ಯರೇ. ಆಚೆ ಈಚೆ ನೋಡಿ, ಯಾವುದಕ್ಕೆ ಅಂದರು. ಜಗಳೂರಿಗೆ ಎಂದೆ. ಅವರು ಲೋಟ ಕೆಳಗಿಟ್ಟರು.

"ಅನ್ಯಾಯ ರೀ. ಇನ್ಮೇಲೆ ನಮ್ಮ ಸಂಘದ ಗೊಬ್ಬರ ತರಾಕೆ ನಾವು ಜಗಳೂರಿಗೆ ಹೋಗ್ಬೇಕಾ?"

ಸೋಪಿನ ನೊರೆ

ಜಗಳೂರಿನಲ್ಲಿ ನನ್ನನ್ನು ಮಾತಾಡಿಸಿ ಸೋತ ಸದಸ್ಯರು ಕಟಿಂಗ್ ಶಾಪಿನವನನ್ನು ಮುಂದೆ ಬಿಟ್ಟಿದ್ದರು. ಅವನೂ ಸಂಘದಲ್ಲಿ ದುಡ್ಡಿಟ್ಟವನೇ. ನಾನು ಗಡ್ಡ ಬೋಳಿಸಿಕೊಳ್ಳಲು ಕೂತಾಗ ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ಗಂಟಲ ಹತ್ತಿರ ತಂದು, ಕಿವಿಯಲ್ಲಿ ಮೆಲ್ಲಗೆ ಹೇಳಿದ:

"ಬಾಯಿ ಬಿಡಬೇಡ್ರಿ, ಕತ್ತಿ ಐತೆ. ಎ ಆದ್ರೆ ಒಂದು ಸಲ ಕಣ್ಣು ಮಿಟುಕಿಸ್ರಿ. ಬಿ ಆದ್ರೆ ಎರಡು. ನೀವು ಹೇಳಿದಂಗೂ ಆಗಲ್ಲ."

ನಾನು ಕಣ್ಣು ಅಗಲಿಸಿಕೊಂಡು ಕೂತೆ. ಅಗಲಿಸಿದ್ದೇ ತಪ್ಪಾಯಿತು, ಕತ್ತಿಗೆ ಮೆತ್ತಿದ್ದ ಸೋಪಿನ ನೊರೆ ಸಿಡಿದು ಒಳಗೆ ಬಿತ್ತು. ಉರಿ ತಾಳದೆ ಕಣ್ಣು ತಾನೇ ಪಟಪಟ ಬಡಿದುಕೊಂಡಿತು. ಅವನು ಎಣಿಸುತ್ತಲೇ ಇದ್ದ. ಎ, ಬಿ, ಸಿ, ಡಿ... ಆಮೇಲೆ ಅವನ ಮುಖ ಬೆಳ್ಳಗಾಯಿತು.

"ಅಕ್ಷರಾನೇ ಸಾಲಾಕಿಲ್ಲಲ್ರೀ," ಅಂದವನೇ ಕತ್ತಿ ಇಟ್ಟು ಸಂಘದ ಕಡೆ ಓಡಿದ.

ಅವನನ್ನು ತಡೆಯಲು ನಾನೂ ಹಿಂದೆ ಓಡಿದೆ. ಕುತ್ತಿಗೆಗೆ ಟವೆಲ್, ಒಂದೇ ಕೆನ್ನೆಯಲ್ಲಿ ನೊರೆ, ಎರಡೂ ಕಣ್ಣಲ್ಲಿ ನೀರು. ಅಂಗಡಿ ಕಟ್ಟೆಯಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ ಎದ್ದು ನಿಂತು, ಪಂಚೆ ಎತ್ತಿ ಕಟ್ಟಿಕೊಂಡು, ಪಕ್ಕದವರಿಗೆ ಹೇಳಿದರು:

"ಏಳ್ರಪ್ಪ, ಆಡಿಟರ್ ಸಾಹೇಬ್ರೇ ಅಳ್ತಾ ಓಡ್ತಿದಾರೆ. ಅವರ ದುಡ್ಡೂ ಇಲ್ಲೇ ಇತ್ತು ಕಾಣ್ತೈತೆ."