ಪೈಲಟ್‌ಗಳ ಹೆಲ್ಮೆಟ್ಟೂ ನನ್ನ ತಲಿಯೂ

ತಲಿಗೆ ಸಂಬಂಧಪಟ್ಟ ಫಜೀತಿ ನನಗ ಆಗೂವಷ್ಟು ನಮ್ಮ ಇಬ್ರಾಹಿಂಪುರದಾಗ ಮತ್ತ್ಯಾರಿಗೂ ಆಗಿರಲಿಕ್ಕಿಲ್ಲ. ರಿಟೈರ್ ಆಗೂತನಕ ವಾಯುಸೇನಾದಾಗ ನನ್ನ ಕೆಲಸ ಒಂದ: ಯುದ್ಧವಿಮಾನದ ಪೈಲಟ್‌ಗಳ ತಲಿ ಅಳತಿ ತಗೊಂಡು ಹೆಲ್ಮೆಟ್ ಕೂಡ್ಸೂದು. ಸಾದಾ ಹೆಲ್ಮೆಟ್ ಅಲ್ಲ. ಕಣ್ಣ ಮುಂದಿನ ಗಾಜಿನ ಮ್ಯಾಲ ವೇಗ, ಎತ್ತರ, ವೈರಿ ವಿಮಾನ ಎಲ್ಲಾ ಮೂಡತಾವ. ನಾನು ಮಾತ್ರ ಒಂದಿನಾನೂ ವಿಮಾನ ಹಾರಿಸಿಲ್ಲ.

ಅತ್ತಿಯ ನೋಟ

ನಾ ಪೈಲಟ್ ಅಲ್ಲ ಅನ್ನೂದನ್ನ ತಿಕೋಟಾದ ನಮ್ಮ ಮಾವ ಒಪ್ಪಂಗಿಲ್ಲ. ಒಣದ್ರಾಕ್ಷಿ ವ್ಯಾಪಾರಕ್ಕ ಬಂದವರಿಗೆಲ್ಲಾ "ನಮ್ಮ ಅಳಿಯಾರು ಪೈಲಟ್" ಅಂತ ಹೇಳ್ಯಾರ. ಒಮ್ಮೆ ನಾಲ್ಕು ಮಂದಿ ವ್ಯಾಪಾರಸ್ಥರ ನಡುವ ನನ್ನ ಕುಂಡ್ರಿಸಿದ್ರು. ನಾನೂ ಉಬ್ಬಿದೆ.

"ಈ ಹೆಲ್ಮೆಟ್ ಹಾಕ್ಕೊಂಡು ಪೈಲಟ್ ಬರೇ ತಿರುಗಿ ನೋಡಿದ್ರ ಸಾಕ್ರಿ, ಕ್ಷಿಪಣಿ ಅತ್ಲಾಗ ತಿರುಗತೈತಿ" ಅಂದೆ.

ಚಹಾ ತಂದ ಅತ್ತಿ ನಕ್ಕರು. "ಅದಕ್ಕ ಹೆಲ್ಮೆಟ್ ಯಾಕ ಬೇಕ್ರಿ? ನಿಮ್ಮ ಮಾವಾರನ್ನ ನಾ ಲಗ್ನ ಆದಾಗಿಂದ ಬರಿಗಣ್ಣಿಲೇ ತಿರುಗಸಾಕತ್ತೇನಿ."

ಒಂದ ನೌಕ್ರಿ

ವಿಜಯಪುರದ ಒಂದು ಚೌಕಿನಾಗ ಟ್ರಾಫಿಕ್ ಪೊಲೀಸ ನನ್ನ ಗಾಡಿ ನಿಲ್ಲಿಸಿದ. ಹೆಲ್ಮೆಟ್ ಕನ್ನಡಿಗೆ ಜೋತಾಡಾಕತ್ತಿತ್ತು.

"ಏನ್ ಕೆಲಸ ಮಾಡ್ತೀರಿ?"

ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ಮಂದಿಗೆ ಹೆಲ್ಮೆಟ್ ಹಾಕ್ಸೂ ಕೆಲಸ ಮಾಡ್ತಿದ್ದೆರಿ, ಈಗ ರಿಟೈರ್."

ಅವ ಪ್ರೀತಿಲೇ ಕೈ ಕುಲುಕಿದ. "ನಂದೂ ಅದ ನೌಕ್ರಿ ರೀ. ನೀವು ರಿಟೈರ್ ಆಗೀರಿ, ನಾ ಇನ್ನೂ ಆಗಿಲ್ಲ" ಅಂದವನೇ ದಂಡದ ಪಾವತಿ ಹರದು ಕೈಯಾಗಿಟ್ಟ.

ಬಬಲೇಶ್ವರದ ಸಾಲ್ಯಾಗ

ಬಬಲೇಶ್ವರದ ಒಂದು ಸಾಲಿಯವರು ಭಾಷಣಕ್ಕ ಕರದ್ರು. ತೋರಸಾಕ ಖರೇ ಹೆಲ್ಮೆಟ್ ಎಲ್ಲಿಂದ ತರೂದು? ಹೆಂಡತಿಯ ಸ್ಕೂಟಿ ಹೆಲ್ಮೆಟ್ಟಿನ ಗಾಜಿಗೆ ಅಂಕಿ ಬರದು ಒಯ್ದೆ. ಎಲ್ಲಾರ ಮುಂದ ಉಸಿರು ಬಿಗಿಹಿಡದು ಅದರಾಗ ತಲಿ ತುರುಕಿದೆ. "ಇದನ್ನ ಹಾಕ್ಕೊಂಡ್ರ ಪೈಲಟ್‌ಗೆ ಬೇಕಾದ್ದೆಲ್ಲಾ ಕಣ್ಣ ಮುಂದ ಕಾಣತೈತಿ. ಆದ್ರ ತಲಿ ಅಳತಿ ತಪ್ಪಿತಂದ್ರ ಎಲ್ಲಾ ತಪ್ಪಿದಂಗ!" ಅಂತ ಅರ್ಧಾ ತಾಸು ಕೊರದೆ.

ಭಾಷಣ ಮುಗೀತು, ಹೆಲ್ಮೆಟ್ ಬರವಲ್ದು. ಹೆಡ್‌ಮಾಸ್ತರು ಎಳದ್ರು. ಡ್ರಿಲ್ ಮಾಸ್ತರು ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಎಳದ್ರು. ಕಿವಿ ಕಿತ್ತು ಬರೂವಂಗ ಆತು, ಹೆಲ್ಮೆಟ್ ಅಲಗಲಿಲ್ಲ. ಸನ್ಮಾನ ನಿಲ್ಲಸಾಕ ಬರತೈತೇನು? ಹೆಲ್ಮೆಟ್ಟಿನ ಮ್ಯಾಲ ಪೇಟಾ ಇಟ್ಟು, ಶಾಲು ಹೊಚ್ಚಿ, ಫೋಟೋ ಹೊಡದ್ರು.

ಕಡೀಕ ಬಿಸಿಯೂಟದ ಅಡಗಿ ಮಾಡೂ ಅಕ್ಕ ಎಣ್ಣಿ ಬಟ್ಟಲ ತಂದಳು. ನನ್ನ ಕಿವಿ ಹಿಂದ ಎಣ್ಣಿ ಬಿಡಕೋತ, ನಗಲಾರದ ಕೇಳಿದಳು:

"ಯಪ್ಪಾ, ಬೇಕಾದ್ದೆಲ್ಲಾ ಕಣ್ಣ ಮುಂದ ಕಾಣತೈತಿ ಅಂದ್ರಲ್ಲ, ತಗಿಯೂದು ಹೆಂಗ ಅನ್ನೂದು ಎಲ್ಲೆರ ಮೂಡೈತೇನ ಒಂಚೂರು ನೋಡ್ರಿ."